ಆಡಿನ ಪಕ್ಕ ಒಬ್ಬ ಮನುಷ್ಯ

ನಮ್ಮ ವಾಡಿಯಲ್ಲಿ ಕೋಳಿ ಸಾಕಬಹುದಿತ್ತು, ಹುಂಜ ಸಾಕುವಂತಿರಲಿಲ್ಲ. ಹುಂಜ ಇದ್ದದ್ದು ಒಂದೇ, ಅದು ವಾಡಿಯ ಒಡತಿ ಮಾಲ್ಕೀಣ್ ಬಾಯಿಯದು. ಅಂಧೇರಿಯ ಹಳೆಯ ಊರಿನ ಭಾಗದಲ್ಲಿ, ಸುತ್ತಲೂ ಬಿಲ್ಡಿಂಗುಗಳು ಏಳುತ್ತಿದ್ದರೂ ತನ್ನ ಹೆಂಚಿನ ಮನೆ, ಬಾವಿ, ಅಂಗಳದ ಶಿಲುಬೆ ಮತ್ತು ಎರಡು ಸಾಲು ಚಾಳಿನ ಖೋಲಿಗಳನ್ನು ಯಾರಿಗೂ ಬಿಟ್ಟುಕೊಡದೆ ಕೂತಿದ್ದ ಕ್ರಿಸ್ತಿಯನ್ ಮುದುಕಿ ಆಕೆ. ಬರೆದಿಟ್ಟ ಕಾಯಿದೆ ಒಂದೂ ಇರಲಿಲ್ಲ. ಭಾನುವಾರ ಚರ್ಚಿನಿಂದ ಬಂದು, ಉಟ್ಟ ಒಳ್ಳೆಯ ಸೀರೆಯನ್ನೂ ಬದಲಿಸದೆ ವರಾಂಡದ ಆರಾಮಕುರ್ಚಿಯಲ್ಲಿ ಕೂತು, ಕೈಯಲ್ಲಿದ್ದ ಕೋಲನ್ನು ಒಂದೊಂದೇ ಖೋಲಿಯ ಕಡೆ ತೋರಿಸುತ್ತ ಆಕೆ ಆ ವಾರದ ಕಾಯಿದೆಗಳನ್ನು ಕೂಗಿ ಹೇಳುತ್ತಿದ್ದಳು. ನಳದ ನೀರು ನಿಲ್ಲುವವರೆಗೆ ಕೋಳಿಗಳು ಬುಟ್ಟಿಯಡಿ ಇರಬೇಕು. ನಾಯಿ ಯಾರಿಗೂ ಇಲ್ಲ, ಆಕೆಯ ಕರಿ ನಾಯಿಯನ್ನು ಬಿಟ್ಟು. ಬೆಕ್ಕು ಯಾರದೂ ಅಲ್ಲ, ಆದರೆ ಅದಕ್ಕೆ ಯಾರು ಮೀನಿನ ಮುಳ್ಳು ಹಾಕಿದರೋ ಅದರ ಹೇಲು ಬಳಿಯುವ ಕೆಲಸ ಅವರದೇ. ಗಿಳಿ ಇಟ್ಟುಕೊಳ್ಳಬಹುದು, ಬೈಗುಳ ಕಲಿಸಕೂಡದು. ಆಕೆಯ ಹಂದಿಗಳಿಗೆ ಮಾತ್ರ ಯಾವ ಕಾಯಿದೆಯೂ ಇರಲಿಲ್ಲ. ಅವು ಮನೆಯ ಹಿಂದೆ ರಾಜಾರೋಷವಾಗಿ ಹೊರಳಾಡಿಕೊಂಡಿದ್ದವು. ನಾವು ಮುಸಲ್ಮಾನರು ಮೂಗು ಮುಚ್ಚಿಕೊಂಡು ಆ ಬದಿಗೆ ಹೋಗದೆ ಸುತ್ತಿ ಹೋಗುತ್ತಿದ್ದೆವು. ಬಾಯಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ. ಆಕೆಗೆ ಇಡೀ ಲೋಕವೇ ತನ್ನ ಬಾಡಿಗೆದಾರ ಎಂಬ ಭಾವನೆ ಇತ್ತು, ಅಷ್ಟೇ.

ನಮ್ಮದು ಆಚೆ ಸಾಲಿನ ಕೊನೆಯ ಖೋಲಿ. ಒಂದೇ ಖೋಲಿ, ಸ್ನಾನಕ್ಕೂ ಒಗೆಯಲಿಕ್ಕೂ ಮೂಲೆಯಲ್ಲೊಂದು ಮೋರಿ, ಬಾಗಿಲಿಗೆ ದಪ್ಪ ಪರದೆ. ಅಬ್ಬಾ ಬೇಕರಿಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಮುರಿದ ಪಾವ್‌ಗಳ ಪೊಟ್ಟಣ ಹಿಡಿದು ಬಂದವರು ಚಹಾ ಕುಡಿದು, ಖೋಲಿಯ ನಡುಮಧ್ಯೆ ಚಾಪೆ ಹಾಕಿ ಮಧ್ಯಾಹ್ನದವರೆಗೆ ಮಲಗುವರು. ಅಷ್ಟು ಹೊತ್ತು ನಮ್ಮ ಮನೆಯಲ್ಲಿ ಪಾತ್ರೆ ಸದ್ದು ಮಾಡಬಾರದು, ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳಬೇಕು. ನಾವೆಲ್ಲ ಗೋಡೆಗೆ ಬೆನ್ನು ಹಚ್ಚಿ, ಅವರ ಕಾಲು ತುಳಿಯದಂತೆ ಓಡಾಡುವುದನ್ನು ಕಲಿತಿದ್ದೆವು. ಅಮ್ಮ ಕಿಟಕಿಯ ಕೆಳಗೆ ಕೂತು ದರ್ಜಿ ಅಂಗಡಿಯ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ದಾದಿ, ಅಂದರೆ ಅಬ್ಬಾನ ತಾಯಿ, ಕಣ್ಣಿಗೆ ಪೊರೆ ಬಂದು, ಬಾಗಿಲ ಹತ್ತಿರ ತಸ್ಬಿಯ ಮಣಿ ಎಣಿಸುತ್ತ ಕೂತಿರುತ್ತಿದ್ದಳು. ಮನೆಯಲ್ಲಿ ದಖ್ಖನಿ ಆಡುತ್ತಿದ್ದೆವು, ಆದರೆ ಜಗಳಕ್ಕೆ ಅದು ಸಾಲುತ್ತಿರಲಿಲ್ಲವೋ ಏನೋ, ಮಾತು ಏರಿದ ಕೂಡಲೇ ಎಲ್ಲರೂ ವಿಜಾಪುರದ ಕಡೆಯ ಕನ್ನಡಕ್ಕೆ ಹೊರಳುತ್ತಿದ್ದರು. ಹಾಗಾಗಿ ನನಗೆ ಇವತ್ತಿಗೂ ಕನ್ನಡ ಕೇಳಿದರೆ ಮೈಯೆಲ್ಲ ಎಚ್ಚರವಾಗುತ್ತದೆ. ಬಾಗಿಲ ಹಿಂದಿನ ಮೊಳೆಗೆ ಅಮ್ಮನ ಕರಿ ಬುರ್ಖಾ ತೂಗುತ್ತಿತ್ತು. ಊರಲ್ಲಿದ್ದಾಗ ಅಮ್ಮ ಎಲ್ಲ ಹೆಂಗಸರ ಹಾಗೆ ತಲೆ ಮೇಲೆ ಸೆರಗು ಹೊದ್ದು ಬಾವಿಗೆ, ಹೊಲಕ್ಕೆ ಹೋಗುತ್ತಿದ್ದವಳು. ಬುರ್ಖಾ ಬಂದದ್ದು ಮುಂಬೈಗೆ ಬಂದ ಮೇಲೆ. ಇಲ್ಲಿ ಮಂದಿ ಬಹಳ, ಕಣ್ಣು ಬಹಳ ಎಂದು ಅಬ್ಬಾ ಮೊದಲ ವಾರವೇ ಹೊಲಿಸಿ ತಂದಿದ್ದರು. ಅದನ್ನು ಹಾಕಿಕೊಂಡೂ ಅಮ್ಮ ಹೊರಗೆ ಹೋಗುತ್ತಿದ್ದದ್ದು ಹಬ್ಬಕ್ಕೋ ದವಾಖಾನೆಗೋ ಮಾತ್ರ.

ತಮ್ಮ ಮುನ್ನಾ ಹುಟ್ಟಿ ಕೆಲವೇ ವಾರಗಳಲ್ಲಿ ಅಮ್ಮನಿಗೆ ಜ್ವರ ಬಂದು ಎದೆಹಾಲು ಬತ್ತಿತು. ಸರಕಾರಿ ಹಾಲಿನ ಕಾರ್ಡು ನಮಗೆ ಸಿಕ್ಕಿರಲಿಲ್ಲ. ಹಾಲು ಮಾರುವ ಭೈಯಾ ತರುತ್ತಿದ್ದುದರಲ್ಲಿ ನೀರೇ ಹೆಚ್ಚು. ಡಬ್ಬಿಯ ಪುಡಿ ಕುಡಿಸಿದರೆ ಕೂಸು ಕಾರಿಕೊಳ್ಳುತ್ತಿತ್ತು. ನನ್ನ ಹಿಂದೆ ಹುಟ್ಟಿದ ಇಬ್ಬರು ಉಳಿದಿರಲಿಲ್ಲವಾದ್ದರಿಂದ ಮನೆಯಲ್ಲಿ ಯಾರೂ ಆ ಮಾತನ್ನು ಬಾಯಿಬಿಟ್ಟು ಆಡದೆ, ಮುನ್ನಾ ಅತ್ತಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಅಬ್ಬಾ ಎಲ್ಲಿಂದಲೋ ಒಂದು ಕಂದು ಬಣ್ಣದ ಹಾಲಾಡು ಹಿಡಿದು ತಂದರು. ಗೇಟಿನ ಒಳಗೆ ಕಾಲಿಟ್ಟದ್ದೇ ಅದು ಬಾಯಿಯ ಕ್ರೋಟನ್ ಗಿಡಕ್ಕೆ ಬಾಯಿ ಹಾಕಿತು. ವರಾಂಡದಿಂದ ಕೋಲು ಎದ್ದಿತು. ಹಿಂದೆ ಯಾರೋ ಬಾಡಿಗೆದಾರನ ಆಡು ಅಂಗಳದ ಶಿಲುಬೆಗೆ ಹಾಕಿದ್ದ ಚೆಂಡುಹೂವಿನ ಮಾಲೆಯನ್ನು ಹಬ್ಬದ ದಿನವೇ ತಿಂದುಹಾಕಿತ್ತಂತೆ. ಆ ಸಿಟ್ಟು ಆಕೆಗೆ ಇನ್ನೂ ಇಳಿದಿರಲಿಲ್ಲ. ಆದರೆ ಅಷ್ಟರಲ್ಲಿ ನಾನು ಎತ್ತಿಕೊಂಡು ಓಡಿ ಬಂದಿದ್ದ, ಬತ್ತಿ ಹೋದ ಕೂಸನ್ನು ನೋಡಿ ಆಕೆ ಕೋಲು ಇಳಿಸಿ, ಹಿಂದಿಯಲ್ಲಿ ತೀರ್ಪು ಕೊಟ್ಟಳು:

"ಬಚ್ಚಾ ಕೇ ವಾಸ್ತೇ ರಖ್. ಲೇಕಿನ್ ಜಾನ್ವರ್ ಅಕೇಲಾ ನಹೀ ರಹೇಗಾ. ಪಾಸ್ ಮೇ ಆದ್ಮಿ ಮಾಂಗ್ತಾ. ಮೇರೇಕೋ ಇಧರ್ ಸೇ ದಿಖ್ನಾ ಮಾಂಗ್ತಾ."

ಕೂಸಿಗಾಗಿ ಇಟ್ಟುಕೋ, ಆದರೆ ಆಡು ಒಂಟಿಯಾಗಿರಬಾರದು, ಅದರ ಪಕ್ಕ ಒಬ್ಬ ಮನುಷ್ಯ ಇರಬೇಕು, ಅದೂ ತನ್ನ ವರಾಂಡದಿಂದ ಕಾಣುವಂತೆ. ಇದಕ್ಕಿಂತ ಸುಲಭವಾದ ಷರತ್ತು ಉಂಟೇ ಎಂದು ಅಬ್ಬಾ ಸಲಾಮು ಹೊಡೆದು ಬಂದರು. ಮೊದಲ ದಿನ ದಾದಿಯನ್ನು ಕೂರಿಸಿದೆವು. ಕಣ್ಣು ಕಾಣದಿದ್ದರೂ ಆಡಿನ ಹಾಲು ಹಿಂಡುವುದರಲ್ಲಿ ದಾದಿಯ ಕೈ ಪಳಗಿದ್ದಾಗಿತ್ತು. ಆದರೆ ಹಗ್ಗ ಬಿಚ್ಚಿಕೊಂಡು ಆಡು ಬಾಯಿಯ ಕ್ರೋಟನ್ನಿಗೋ ಗುಲಾಬಿಗೋ ನಡೆದರೂ ದಾದಿ ಕೂತಲ್ಲೇ ಖಾಲಿ ಜಾಗಕ್ಕೆ "ಸುಮ್ಮ ನಿಂದ್ರ, ಬೇಗಂ" ಎಂದು, ತಾನೇ ಇಟ್ಟ ಹೆಸರು ಹಿಡಿದು ಆಡಿಗೆ ಬುದ್ಧಿ ಹೇಳುತ್ತಿದ್ದಳು. ಆಡನ್ನು ನೋಡಲಾರದ ಮನುಷ್ಯ ಲೆಕ್ಕಕ್ಕಿಲ್ಲ ಎಂದು ಬಾಯಿ ಸಾಯಂಕಾಲವೇ ಹೇಳಿಬಿಟ್ಟಳು. ಅಮ್ಮ ಅಂಗಳದಲ್ಲಿ ಕೂರುವ ಮಾತು ಯಾರ ತಲೆಗೂ ಬರಲಿಲ್ಲ. ನಳದ ಹತ್ತಿರ ಗಂಡಸರು ಚಡ್ಡಿಯಲ್ಲಿ ಸ್ನಾನ ಮಾಡುವ ಜಾಗ ಅದು. ಉಳಿದವಳು ನಾನು. ನನಗೆ ಹನ್ನೆರಡು ತುಂಬಿತ್ತು, ಮುನ್ಸಿಪಾಲ್ಟಿ ಕನ್ನಡ ಶಾಲೆಯ ಏಳನೆಯ ಇಯತ್ತೆಯಲ್ಲಿದ್ದೆ, ಮತ್ತು ದಾದಿಯ ಮಾತಿನಲ್ಲಿ ಹೇಳುವುದಾದರೆ "ಇನ್ನೂ ಪರದೆಗೆ ಬಂದಿಲ್ಲ."

"ಕೂಸು ಚೇತರಿಸ್ಕೊಳ್ಳೂತನಕ ಬೇಟಿ. ನಾಕ ದಿನಾ," ಎಂದರು ಅಬ್ಬಾ.

ಆ ನಾಲ್ಕು ದಿನ ಮುಗಿಯಲೇ ಇಲ್ಲ. ಬಾದಾಮಿ ಮರದ ಕೆಳಗೆ ಬಟ್ಟೆ ಒಗೆಯುವ ಹಳೆಯ ಕಲ್ಲೊಂದಿತ್ತು. ಮರಕ್ಕೆ ಆಡು, ಕಲ್ಲಿಗೆ ನಾನು. ಬೆಳಿಗ್ಗೆ ನೆರಳು ಕಲ್ಲಿನ ಮೇಲೆ ಇರುತ್ತಿತ್ತು, ಆಮೇಲೆ ಮರದ ಹಿಂದಕ್ಕೆ ಸರಿಯುತ್ತಿತ್ತು. ನಾನು ಮಾತ್ರ ಸರಿಯುವಂತಿರಲಿಲ್ಲ, ಸರಿದರೆ ವರಾಂಡಕ್ಕೆ ಕಾಣುತ್ತಿರಲಿಲ್ಲ. ಸಂಡಾಸಿಗೆ ಹೋಗಬೇಕಾದರೂ ಪಕ್ಕದ ಖೋಲಿಯ ಹೆಂಗಸರನ್ನು ಕಾಡಿ ಬೇಡಿ ಕೂರಿಸಿ ಹೋಗಬೇಕು, ಓಡಿ ಬರಬೇಕು. ಶಾಲೆಯ ಗಂಟೆ ಗಾಳಿಯಿದ್ದ ದಿನ ಕೇಳುತ್ತಿತ್ತು. ಲೋಕಲ್ ಗಾಡಿಗಳು ಹೋಗುವ ಸದ್ದು ಯಾವಾಗಲೂ ಕೇಳುತ್ತಿತ್ತು. ಇಷ್ಟು ಜನ ದಿನವಿಡೀ ಎಲ್ಲಿಗೆ ಹೋಗುತ್ತಾರೆ, ಅವರಲ್ಲಿ ಒಬ್ಬರಿಗೂ ಆಡು ಇಲ್ಲವೇ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೆ ಆಡಿನ ಮೇಲೆ ದ್ವೇಷ ಬಂತು. ಅದರ ಅಡ್ಡ ಕಣ್ಣು, ಸದಾ ಆಡುವ ದವಡೆ, ನನ್ನ ಲಂಗದ ಅಂಚನ್ನು ರುಚಿ ನೋಡುವ ಅದರ ಚಟ ಎಲ್ಲವನ್ನೂ ದ್ವೇಷಿಸಿದೆ. ಅದರ ಹಾಲು ಕುಡಿದು ಮುನ್ನಾನ ಕೆನ್ನೆ ದಿನದಿನಕ್ಕೆ ಉಬ್ಬುತ್ತಿತ್ತು. ಅದನ್ನು ನೋಡಿ ನನಗೆ ಸಂತೋಷವೂ ಆಗುತ್ತಿತ್ತು, ಸಂತೋಷವಾದದ್ದಕ್ಕೆ ಅಳುವೂ ಬರುತ್ತಿತ್ತು. ಕೂಸಿಗೆ ಆಡು ಬೇಕು, ಆಡಿಗೆ ಮನುಷ್ಯ ಬೇಕು. ಇದರಲ್ಲಿ ತಪ್ಪು ಯಾರದೆಂದು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ, ಬೈಯುವುದಕ್ಕೂ ಒಬ್ಬರಿಲ್ಲದಂಥ ಸೆರೆ ಅದು. ಒಂದಲ್ಲ ಒಂದು ದಿನ ಕಲ್ಲಿನಿಂದ ಎಬ್ಬಿಸುತ್ತಾರೆಂಬುದು ಗೊತ್ತಿತ್ತು. ನಾನು ದೊಡ್ಡವಳಾದ ದಿನ ಎಬ್ಬಿಸುತ್ತಾರೆ, ಎಬ್ಬಿಸಿ ಪರದೆಯ ಒಳಗೆ ಕೂರಿಸುತ್ತಾರೆ.

ನನ್ನ ಇಯತ್ತೆಯ ಸರೋಜಾ ಅದೇ ರಸ್ತೆಯ ಬಿಲ್ಡಿಂಗಿನಲ್ಲಿದ್ದಳು. ಮೈಸೂರಿನ ಕಡೆಯವರು, ಅವಳ ತಂದೆ ಆಫೀಸಿನಲ್ಲಿ ಕೆಲಸ. ಮೊದಮೊದಲು ದಿನಾ ಗೇಟಿನ ಆಚೆ ನಿಂತು ಆವತ್ತಿನ ಪಾಠ ಹೇಳುತ್ತಿದ್ದಳು. ಆಮೇಲೆ ಕೈ ಬೀಸಿ ಹೋಗತೊಡಗಿದಳು. ಆಮೇಲೆ ಅದೂ ನಿಂತಿತು. ಬೇಸಿಗೆ ಶುರುವಾದಾಗ ಒಂದು ದಿನ ಮತ್ತೆ ಗೇಟಿಗೆ ಬಂದು, ಮಾಸ್ತರರು ಹೇಳಿ ಕಳಿಸಿದ್ದಾರೆ ಎಂದಳು.

"ಪರೀಕ್ಷೆಗೆ ಬಂದ್ರೆ ಸರಿಯಂತೆ ಕಣೆ. ಇಲ್ದಿದ್ರೆ ಹೈಸ್ಕೂಲಿಗೆ ನಿನ್ನ ಹೆಸರು ಕಳಿಸೋದಿಲ್ವಂತೆ. ಸೋಮವಾರ ಕನ್ನಡ, ಮಂಗಳವಾರ ಗಣಿತ, ಆಮೇಲೆ ಇತಿಹಾಸ ಭೂಗೋಳ. ಎಲ್ಲಾ ಬೆಳಿಗ್ಗೇನೇ."

ಸಂಜೆ ಕೆಲಸಕ್ಕೆ ಹೊರಡುತ್ತಿದ್ದ ಅಬ್ಬಾನನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳ ಆಡುತ್ತಿದ್ದೆನೋ ಏನೋ. ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಅಂದರು:

"ಬಾಯಿ ಆಡು ಹೊರಗ ಹಾಕಿದ್ಲಂದ್ರ ಕೂಸಿಗೆ ಏನ್ ಕುಡಸ್ಲಿ? ನೀನಽ ಹೇಳು."

ಅಮ್ಮ ಕಾಜಾ ಹೊಲಿಯುತ್ತಲೇ ಇದ್ದಳು. ನಾನು ಆ ರಾತ್ರಿ ದಾದಿಯ ಪಕ್ಕ ಮಲಗಿ, ಸದ್ದಾಗಬಾರದೆಂದು ಕೌದಿ ಕಚ್ಚಿಕೊಂಡು ಅತ್ತೆ. ದಾದಿ ನನ್ನ ಬೆನ್ನು ಸವರುತ್ತ, ಏನೋ ಯೋಚನೆ ಮಾಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಅಬ್ಬಾ ಗೊರಕೆ ಹೊಡೆಯತೊಡಗಿದ ಮೇಲೆ, ಅಮ್ಮ ಮೋರಿಯಲ್ಲಿ ಕೂಸಿನ ಬಟ್ಟೆ ಹಿಂಡುತ್ತಿದ್ದಾಗ, ದಾದಿ ತಡವರಿಸುತ್ತ ಬಾಗಿಲ ಹಿಂದಿನಿಂದ ಅಮ್ಮನ ಬುರ್ಖಾ ತೆಗೆದು ಬಗಲಲ್ಲಿ ಇಟ್ಟುಕೊಂಡು ಅಂಗಳಕ್ಕೆ ಬಂದಳು.

"ಬಾಯಿಗೂ ಏನ ಭಾಳ ಕಾಣ್ತೈತಿ ಅಂತ ತಿಳಿಬ್ಯಾಡ. ನನ್ನ ಓರಿಗೀಯಾಕಿ ಅಕಿ. ಮನಶ್ಯಾ ಕುಂತಂಗ ಕಂಡರ ಸಾಕಲ್ಲ ಅಕೀಗೆ? ಆ ಸೀಮೆಎಣ್ಣಿ ಡಬ್ಬಿ ತಗೊಂಬಾ."

ಕಲ್ಲಿನ ಮೇಲೆ ಖಾಲಿ ಡಬ್ಬಿ, ಅದರ ಮೇಲೆ ಬೇಕರಿಯ ಹಿಟ್ಟಿನ ಚೀಲ ಸುತ್ತಿ ಮಾಡಿದ ತಲೆ, ಅದರ ಮೇಲೆ ಬುರ್ಖಾ. ಮುಖದ ಜಾಲರಿಯನ್ನು ದಾದಿಯೇ ವರಾಂಡದ ಕಡೆ ತಿರುಗಿಸಿ ಸರಿಮಾಡಿದಳು. ನೋಡಿದರೆ ಸಾಕ್ಷಾತ್ ಅಮ್ಮನೇ ಕೂತಂತಿತ್ತು. ಅಮ್ಮ ಪರದೆ ಸರಿಸಿ ಅಂಗಳಕ್ಕೆ ಇಣುಕುವವಳಲ್ಲವಾದ್ದರಿಂದ ಆ ಕಡೆಯ ಭಯ ಇರಲಿಲ್ಲ. ನಾನು ಓಡಿದೆ. ಕನ್ನಡದ ಪರೀಕ್ಷೆ ಬರೆದೆ, ಓಡಿ ಬಂದೆ. ಆಡು ಮೆಲುಕು ಹಾಕುತ್ತಿತ್ತು, ಬುರ್ಖಾ ಕೂತಿತ್ತು, ಬಾಯಿ ವರಾಂಡದಲ್ಲಿ ಮೀನು ಆರಿಸುತ್ತಿದ್ದಳು. ಅಷ್ಟು ನಿರಾಳವಾಗಿ ನಾನು ಆ ಮನೆಯಲ್ಲಿ ನಿದ್ದೆ ಮಾಡಿದ್ದು ಆ ರಾತ್ರಿ ಒಂದೇ.

ಮಂಗಳವಾರ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ವಾಡಿಯವರೆಲ್ಲ ವರ್ಷಗಟ್ಟಲೆ ಹೇಳಿ ನಗುತ್ತಿದ್ದದ್ದನ್ನು ಕೇಳಿ ಬಲ್ಲೆ. ನಾನು ಶಾಲೆಯಲ್ಲಿ ಬಡ್ಡಿ ಲೆಕ್ಕದ ಮುಂದೆ ಬೆವರುತ್ತಿದ್ದಾಗ, ಆಡು ಬುರ್ಖಾದ ಅಂಚು ಹಿಡಿದು ತಿನ್ನತೊಡಗಿತು. ಹಿಟ್ಟಿನ ಚೀಲದ ವಾಸನೆ ಅದಕ್ಕೆ ಹತ್ತಿರಬೇಕು. ವರಾಂಡದಲ್ಲಿದ್ದ ಬಾಯಿ ಮೊದಲು ಕೂತಲ್ಲಿಂದಲೇ ಕೂಗಿದಳಂತೆ:

"ಏ ಬಾಯಿ! ಉಠ್! ತೇರಾ ಬುರ್ಖಾ ಖಾತೀ ಹೈ!"

ಏಳು, ಆಡು ನಿನ್ನ ಬುರ್ಖಾ ತಿನ್ನುತ್ತಿದೆ ಎಂದರೂ ಬುರ್ಖಾದೊಳಗಿನ ಹೆಂಗಸು ಏಳಲಿಲ್ಲ. ಆಡು ಮೊಣಕಾಲಿನವರೆಗೆ ತಿಂದು ಮುಗಿಸಿ ಮೇಲಕ್ಕೆ ಬಂತು. ಹೆಂಗಸು ಕೈಯೂ ಆಡಿಸಲಿಲ್ಲ. ಬಿಸಿಲಿಗೆ ಪ್ರಾಣ ಹೋಗಿರಬೇಕೆಂದು ಬಾಯಿ ಏಸುವಿನ ಹೆಸರು ಹೇಳುತ್ತ, ಕೋಲು ಊರುತ್ತ ಓಡಿ ಬಂದಳು. ಬಂದು ಭುಜ ಹಿಡಿದು ಅಲುಗಿಸಿದರೆ ತಲೆ ಉರುಳಿ ಬಿತ್ತು. ಆಕೆ ಕಿರುಚಿದ ಕಿರುಚಾಟಕ್ಕೆ ಎರಡೂ ಸಾಲಿನವರು ಹೊರಗೆ ಬಂದರು. ಅಬ್ಬಾ ನಿದ್ದೆಗಣ್ಣಲ್ಲಿ ಲುಂಗಿ ಕಟ್ಟಿಕೊಳ್ಳುತ್ತ ಓಡಿದರು. ನಾನು ಗೇಟಿಗೆ ಬರುವ ಹೊತ್ತಿಗೆ ಸೀಮೆಎಣ್ಣೆ ಡಬ್ಬಿ ಅಂಗಳದ ನಡುವೆ ಬಿದ್ದಿತ್ತು, ಸುತ್ತ ಜನ, ನಡುವೆ ಬಾಯಿ ಎದೆ ಹಿಡಿದುಕೊಂಡು ಕೂತಿದ್ದಳು.

"ಕಲ್ ಸೇ ಪಕ್ಕಾ ಆದ್ಮಿ! ನಹೀ ತೋ ಬಕ್ರೀ ಗೇಟ್ ಕೇ ಬಾಹರ್!"

ನಾಳೆಯಿಂದ ನಿಜವಾದ ಮನುಷ್ಯನೇ ಕೂರಬೇಕು, ಇಲ್ಲದಿದ್ದರೆ ಆಡು ಗೇಟಿನ ಹೊರಗೆ ಎಂದು. ಖೋಲಿಯೊಳಗೆ ಯಾರೂ ಕೂಗಾಡಲಿಲ್ಲ. ದಾದಿಗೆ ಮಾತ್ರ ಆಗಾಗ ನಗು ಒತ್ತಿಕೊಂಡು ಬರುತ್ತಿತ್ತು, ಅದನ್ನು ಅವಳು ಕೆಮ್ಮೆಂದು ತೋರಿಸುತ್ತಿದ್ದಳು. ಅಬ್ಬಾ ಗೋಡೆಗೆ ಒರಗಿ ಕೂತು "ಶಾಲಿ ಮುಗೀತು," ಎಂದರು. ಅಮ್ಮ ಬುರ್ಖಾವನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಕೆಳಗಿನ ಅರ್ಧ ಇರಲಿಲ್ಲ, ಮುಖದ ಜಾಲರಿ ಹರಿದು ದಾರಗಳು ಜೋತಿದ್ದವು. ಅವಳು ಅದನ್ನು ಹೊಲಿಯಲು ಬರುತ್ತದೋ ಇಲ್ಲವೋ ಎಂದು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇನ್ನ ಎಷ್ಟ ಪರೀಕ್ಷಾ ಉಳದಾವು?" ಎಂದು ಮೆಲ್ಲಗೆ ಕೇಳಿದಳು. ನಾನು ಹೇಳಿದೆ. ಅಮ್ಮ ಬುರ್ಖಾ ಮಡಚಿ ಟ್ರಂಕಿನಲ್ಲಿಟ್ಟು ಒಲೆ ಹಚ್ಚಿದಳು.

ಮರುದಿನ ನಾನು ಎದ್ದಾಗ ಅಮ್ಮ ಖೋಲಿಯಲ್ಲಿರಲಿಲ್ಲ. ಪರದೆ ಸರಿಸಿ ನೋಡಿದರೆ ಬಾದಾಮಿ ಮರದ ಕೆಳಗೆ, ಕಲ್ಲಿನ ಮೇಲೆ, ಊರ ಹೆಂಗಸರಂತೆ ತಲೆ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಅಂಗಿಗಳ ಗಂಟು ಇಟ್ಟುಕೊಂಡು ಕಾಜಾ ಹೊಲಿಯುತ್ತಿದ್ದಳು. ನಳದ ಸಾಲಿನಲ್ಲಿ ನಿಂತ ಹೆಂಗಸರು ಕೊಡ ತುಂಬಿ ಹರಿಯುತ್ತಿದ್ದರೂ ಅವಳನ್ನೇ ನೋಡುತ್ತಿದ್ದರು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ಬೆಳಕಿನಲ್ಲಿ ಅವಳ ಮುಖ ನೋಡಿದವರು ಅವರಲ್ಲಿ ಯಾರೂ ಇರಲಿಲ್ಲ. "ಅರೇ, ಯೇ ತೋ ಕಿತ್ನೀ ಛೋಟೀ ಹೈ," ಎಂದಳು ಒಬ್ಬಳು. ಇವಳು ಇಷ್ಟು ಚಿಕ್ಕವಳೇ ಎಂದು. ನನಗೂ ಆಗ ತಾನೇ ಗೊತ್ತಾದಂತಾಯಿತು. ನನ್ನ ಅಮ್ಮನ ಮೂಗಿನ ಮೇಲೆ ಸಣ್ಣ ಸಣ್ಣ ಮಚ್ಚೆಗಳಿದ್ದವು. ಖೋಲಿಯ ಕತ್ತಲಲ್ಲಿ ನನಗೆ ಅವು ಎಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಪಾವ್ ಪೊಟ್ಟಣ ಹಿಡಿದು ಅಬ್ಬಾ ಗೇಟಿನೊಳಗೆ ಬಂದರು. ಬಂದವರು ಅಲ್ಲೇ ನಿಂತುಬಿಟ್ಟರು.

"ಒಳಗ ನಡಿ," ಎಂದರು ಹಲ್ಲು ಕಚ್ಚಿ.

"ಬಾಯಿ ಮನಶ್ಯಾ ಬೇಕಂದಾಳ. ನಾ ಮನಶ್ಯಾ ಅಲ್ಲೇನ್ರಿ?"

"ಮಂದಿ ನೋಡ್ತಾರ."

"ನೋಡ್ಲಿ. ನಾನೂ ನೋಡ್ತೇನಿ."

ಅಬ್ಬಾ ಒಂದು ಹೆಜ್ಜೆ ಮುಂದಿಟ್ಟರು. ಅಮ್ಮನ ರಟ್ಟೆಗೆ ಕೈ ಹಾಕುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಆಗ ವರಾಂಡದಿಂದ ಕೋಲು ನೆಲಕ್ಕೆ ಬಡಿದ ಸದ್ದು ಬಂತು.

"ಏ! ಉಸ್ಕೋ ಉಠಾಯೇಗಾ ತೋ ತೂ ಬೈಠ್! ಕಾಯ್ದಾ ಮತ್ಲಬ್ ಕಾಯ್ದಾ!"

ಅವಳನ್ನು ಎಬ್ಬಿಸಿದರೆ ನೀನು ಕೂರು. ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತು ಬಂದ ಮನುಷ್ಯ ಎಲ್ಲಿ ಕೂರಬೇಕು? ಬಾಯಿಗೆ ಅಮ್ಮನ ಮೇಲೆ ಕರುಣೆ ಬಂತೆಂದು ನಾನು ಹೇಳಲಾರೆ. ಆಕೆಗೆ ಅವತ್ತೂ ಬೇಕಾಗಿದ್ದದ್ದು ತನ್ನ ಕಾಯಿದೆ, ಅಷ್ಟೇ. ಅಬ್ಬಾ ಆಡನ್ನು ನೋಡಿದರು, ಅಮ್ಮನನ್ನು ನೋಡಿದರು, ನಳದ ಸಾಲನ್ನು ನೋಡಿದರು. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ, ಚಹಾ ಕೂಡ ಕುಡಿಯದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮುಂದೆ ಹೊಸ ಬುರ್ಖಾ ಹೊಲಿಸಿ ತಂದರು, ಅಮ್ಮ ದವಾಖಾನೆಗೆ ಹೋಗುವಾಗ ಅದನ್ನು ಹಾಕಿಕೊಂಡಳು ಕೂಡ. ಅವರಿಬ್ಬರ ನಡುವೆ ಅಂದಿನ ಮಾತು ಮತ್ತೆ ಎಂದಾದರೂ ಬಂತೋ ಇಲ್ಲವೋ ನನಗೆ ತಿಳಿಯದು. ನಾನು ಮಾತ್ರ ಅವತ್ತು ಪೊಟ್ಟಣವನ್ನು ದಾದಿಯ ಕೈಗೆ ತುರುಕಿ, ಜಡೆಯನ್ನೂ ಹಾಕಿಕೊಳ್ಳದೆ ಓಡಿದೆ. ಗೇಟು ದಾಟುವಾಗ ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

ಪರೀಕ್ಷೆ ಮುಗಿಸಿ ಬರುವಾಗ ಬಿಸಿಲು ನೆತ್ತಿಗೆ ಏರಿತ್ತು. ಅಮ್ಮ ಕೂತಲ್ಲೇ ಇದ್ದಳು. ಮುಖ ಕೆಂಪಾಗಿತ್ತು, ಸೆರಗು ಬೆವರಿಗೆ ತಲೆಗೆ ಅಂಟಿಕೊಂಡಿತ್ತು. ಪ್ರಶ್ನೆಪತ್ರಿಕೆ ಹೇಗಿತ್ತೆಂದು ಕೇಳುತ್ತಾಳೆಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. ಅದರ ಸುದ್ದಿಯನ್ನೇ ಅವಳು ತೆಗೆಯಲಿಲ್ಲ. ನನ್ನನ್ನು ಕಲ್ಲಿನ ಅಂಚಿಗೆ ಕೂರಿಸಿಕೊಂಡು ಕೇಳಿದಳು:

"ಶಾಲೀಗೆ ಹೋಗೂ ದಾರ್ಯಾಗ ಏನೇನ ಐತಿ?"

ನಾನು ದಂಗಾದೆ. ಆ ದಾರಿಯಿಂದ ಒಂದು ಕೂಗಳತೆಯಲ್ಲಿ ಅವಳು ಅಷ್ಟು ವರ್ಷ ಸಂಸಾರ ಮಾಡಿದ್ದಳು. ಸೈಕಲ್ ಅಂಗಡಿ ಇದೆ, ಹಾಲಿನ ಬೂತ್ ಇದೆ, ಒಬ್ಬ ಮುದುಕ ಗಡಿಯಾರ ರಿಪೇರಿ ಮಾಡುತ್ತಾನೆ, ಕೆಂಪು ಬಸ್ಸು ತಿರುಗುವ ಜಾಗ ಬರುತ್ತದೆ, ಆಮೇಲೆ ಶಾಲೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಮ್ಮ ಇನ್ನೂ ಏನೋ ಇದೆಯೆಂಬಂತೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅಷ್ಟಽ?" ಎಂದಳು. "ಹಂಗ ಓಡಿ ಓಡಿ ಬರಬ್ಯಾಡ. ನಾಳಿ ನಿಂತು ಎಲ್ಲಾ ಛಂದಂಗ ನೋಡ್ಕೊಂಡ ಬಂದು ಹೇಳು. ನಾ ಇಲ್ಲೇ ಇರ್ತೇನಿ, ಎಲ್ಲೀ ಹೋಗೂದಿಲ್ಲ."